ಆಟ ಓಡುತ್ತದೆ, ಅನುಮತಿ ಇಲ್ಲ

2024ರ ಅಕ್ಟೋಬರ್ 31ರಂದು ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ತನ್ನ ‘ಅಪೆಕ್ಸ್ ಲೆಜೆಂಡ್ಸ್’ ಆಟದ ಬಾಗಿಲನ್ನು ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಬಳಸುವವರಿಗೆ ಮುಚ್ಚಿತು. ಆಟದಲ್ಲಿ ಯಾವ ದೋಷವೂ ಇರಲಿಲ್ಲ. 2022ರಿಂದ ಅದು ಲಿನಕ್ಸ್ ಮೇಲೆ ಸಲೀಸಾಗಿ ಓಡುತ್ತಿತ್ತು. ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಲಿನಕ್ಸ್ ಯಂತ್ರದಲ್ಲಿ ಅದಕ್ಕೆ ಪೂರ್ಣ ಮಾನ್ಯತೆಯ ಹಸಿರು ಗುರುತೂ ಸಿಕ್ಕಿತ್ತು. ಮೋಸದ ಆಟಗಾರರು ಲಿನಕ್ಸ್‌ನ ಮುಕ್ತ ಸ್ವಭಾವವನ್ನು ದುರುಪಯೋಗ ಮಾಡಿಕೊಳ್ಳುತ್ತಿದ್ದಾರೆ, ಅವರನ್ನು ಅಲ್ಲಿ ಪತ್ತೆ ಹಚ್ಚುವುದು ಕಷ್ಟವಾಗಿದೆ ಎಂಬುದು ಕಂಪನಿ ಕೊಟ್ಟ ಕಾರಣ.

ಒಂದು ಆಟ ಲಿನಕ್ಸ್‌ನಲ್ಲಿ ಓಡದಿರಲು ಎರಡು ಬಗೆಯ ಕಾರಣಗಳಿರುತ್ತವೆ. ಓಡಿಸುವ ತಂತ್ರ ಇನ್ನೂ ಕೈಗೆ ಬಂದಿಲ್ಲ ಎಂಬುದು ಒಂದು. ತಂತ್ರ ಇದ್ದರೂ ಓಡಿಸಲು ಬಿಡುವುದಿಲ್ಲ ಎಂಬುದು ಇನ್ನೊಂದು. ಲಿನಕ್ಸ್ ಗೇಮಿಂಗ್‌ನ ಮೊದಲ ಕಾಲು ಶತಮಾನವೆಲ್ಲ ಮೊದಲನೆಯ ಕಾರಣದ ಜೊತೆಗಿನ ಗುದ್ದಾಟದಲ್ಲೇ ಕಳೆಯಿತು. ಆ ಗುದ್ದಾಟವನ್ನು ಬಹುಮಟ್ಟಿಗೆ ಗೆದ್ದಾಗಿದೆ. ಈಗ ಎದುರಿಗಿರುವುದು ಎರಡನೆಯದು. ಅದನ್ನು ಲಿನಕ್ಸ್‌ನ ಕೊರತೆಯ ಖಾತೆಗೆ ಬರೆಯುವುದು ತಪ್ಪು ಎಂದು ನಾನು ನಂಬುತ್ತೇನೆ. ಅಲ್ಲಿ ಎದ್ದಿರುವ ಪ್ರಶ್ನೆ, ನಮ್ಮ ಮೇಜಿನ ಮೇಲಿರುವ ಕಂಪ್ಯೂಟರ್ ಯಾರ ಮಾತು ಕೇಳಬೇಕು ಎಂಬುದು.

ಗೆದ್ದ ಭಾಗ ಎಷ್ಟು ದೊಡ್ಡದೆಂದು ತಿಳಿಯದೆ ಉಳಿದದ್ದರ ಅಳತೆ ಸಿಗದು. ವಿಂಡೋಸ್‌ಗಾಗಿ ಬರೆದ ಆಟ ಪ್ರತಿ ಕ್ಷಣವೂ ವಿಂಡೋಸನ್ನು ಏನಾದರೂ ಕೇಳುತ್ತಿರುತ್ತದೆ: ಈ ಫೈಲ್ ತೆರೆ, ಈ ಸದ್ದು ಮಾಡು, ಪರದೆಯ ಈ ಜಾಗದಲ್ಲಿ ಈ ತ್ರಿಕೋನಗಳನ್ನು ಬಿಡಿಸು. ಲಿನಕ್ಸ್‌ಗೆ ಆ ಕೋರಿಕೆಗಳು ಅರ್ಥವಾಗುವುದಿಲ್ಲ. ಇದಕ್ಕೆ ಎರಡು ದಾರಿಗಳಿದ್ದವು. ಆಟವನ್ನೇ ಲಿನಕ್ಸ್‌ಗೆ ತಿದ್ದಿ ಬರೆಯುವುದು, ಅಂದರೆ ಪೋರ್ಟ್ ಮಾಡುವುದು ಒಂದು. ಆಟದ ಕೋರಿಕೆಗಳಿಗೆ ವಿಂಡೋಸ್‌ನ ಹಾಗೆಯೇ ಉತ್ತರ ಕೊಡುವ ಒಂದು ಪದರವನ್ನು ಲಿನಕ್ಸ್ ಮೇಲೆ ಕಟ್ಟುವುದು ಇನ್ನೊಂದು.

ಮೊದಲ ದಾರಿಯಲ್ಲಿ ಶ್ರದ್ಧೆಯಿಂದ ನಡೆದ ಕಂಪನಿ ಲೋಕಿ ಸಾಫ್ಟ್‌ವೇರ್. 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಅದು ಹಲವು ಹೆಸರಾಂತ ಆಟಗಳನ್ನು ಲಿನಕ್ಸ್‌ಗೆ ತಂದಿತು. ಕೊಳ್ಳುವವರು ಸಾಲದೆ 2002ರ ಜನವರಿಯಲ್ಲಿ ಮುಚ್ಚಿಹೋಯಿತು. ಆಟಗಾರರಿಲ್ಲವೆಂದು ಆಟ ಬರುತ್ತಿರಲಿಲ್ಲ, ಆಟ ಬರುತ್ತಿಲ್ಲವೆಂದು ಆಟಗಾರರು ಬರುತ್ತಿರಲಿಲ್ಲ. ಆದರೂ ಅಲ್ಲಿ ದುಡಿದ ಸ್ಯಾಮ್ ಲಾಂಟಿಂಗಾ ರೂಪಿಸಿದ ಎಸ್‌ಡಿಎಲ್ ಎಂಬ ಸಾಧನ ಇಂದಿಗೂ ಅಸಂಖ್ಯ ಆಟಗಳ ಅಡಿಪಾಯದಲ್ಲಿದೆ.

ಎರಡನೆಯ ದಾರಿ ವೈನ್‌ನದು. 1993ರಲ್ಲಿ ಶುರುವಾದ ಈ ಯೋಜನೆಯ ಹೊಣೆಯನ್ನು ಮರುವರ್ಷ ಅಲೆಕ್ಸಾಂಡರ್ ಜೂಲಿಯಾರ್ ಹೊತ್ತರು. ವೈನ್‌ನ 1.0 ಆವೃತ್ತಿ ಬಂದದ್ದು 2008ರ ಜೂನ್‌ನಲ್ಲಿ. ಹದಿನೈದು ವರ್ಷ! ವಿಂಡೋಸ್‌ನ ಒಳಗಿನ ಕೋಡ್ ನೋಡದೆ, ಹೊರಗಿನಿಂದ ಅದರ ನಡವಳಿಕೆಯನ್ನು ಗಮನಿಸಿ, ಒಂದೊಂದು ಕೋರಿಕೆಗೂ ಒಂದೊಂದು ಉತ್ತರವನ್ನು ಹೊಸದಾಗಿ ಬರೆಯುವ ಕೆಲಸ ಅದು. ಕೀರ್ತಿಯೂ ಹಣವೂ ಅಷ್ಟಾಗಿ ಇಲ್ಲದ ಇಂಥ ಕೆಲಸಕ್ಕೆ ನೂರಾರು ಜನ ತಮ್ಮ ವರ್ಷಗಳನ್ನು ಕೊಟ್ಟರು. ಇಂದಿನ ಎಲ್ಲ ಗೆಲುವುಗಳ ಬೇರು ಅಲ್ಲಿದೆ ಎಂಬುದು ವಾಲ್ವ್‌ನ ಹೊಗಳಿಕೆಯ ನಡುವೆ ಮರೆತುಹೋಗಬಾರದು.

ವಾಲ್ವ್ ಲಿನಕ್ಸ್‌ಗೆ ಬಂದದ್ದು ಭಯದಿಂದ. 2012ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 8ರ ಜೊತೆ ತನ್ನದೇ ಅಂಗಡಿಯನ್ನೂ ಕಟ್ಟಿಕೊಂಡು ಬಂದಾಗ, ಆಟ ಮಾರುವ ಸ್ಟೀಮ್ ಅಂಗಡಿಯ ಒಡೆಯ, ವಾಲ್ವ್ ಮುಖ್ಯಸ್ಥ ಗೇಬ್ ನ್ಯೂವೆಲ್ ಅದನ್ನು ಪಿಸಿ ಲೋಕಕ್ಕೆ ಒದಗಿದ ಅನಾಹುತ ಎಂದು ಬಹಿರಂಗವಾಗಿಯೇ ಕರೆದರು. ನೆಲ ಇನ್ನೊಬ್ಬರದಾದರೆ ಅಂಗಡಿ ಎಷ್ಟು ದಿನ ನಡೆದೀತು ಎಂಬ ಚಿಂತೆ ಅವರದು. 2013ರ ಫೆಬ್ರವರಿಯಲ್ಲಿ ಸ್ಟೀಮ್ ಲಿನಕ್ಸ್‌ಗೆ ಬಂತು. 2015ರ ನವೆಂಬರ್‌ನಲ್ಲಿ ಮಾರುಕಟ್ಟೆಗಿಳಿದ ‘ಸ್ಟೀಮ್ ಮಷೀನ್’ ಎಂಬ ಲಿನಕ್ಸ್ ಆಟದ ಯಂತ್ರ ಸೋತಿತು, ಏಕೆಂದರೆ ಆಗಲೂ ಅವರು ನಂಬಿದ್ದು ಪೋರ್ಟ್‌ಗಳನ್ನೇ. ಕಂಪನಿಗಳು ಬೇಕಾದಷ್ಟು ಪೋರ್ಟ್ ಮಾಡಲಿಲ್ಲ.

ದಿಕ್ಕು ಬದಲಿಸಿದ್ದು ಒಬ್ಬ ಆಟಗಾರನ ಹಟ. ವಿಂಡೋಸ್ ಆಟಗಳು ಚಿತ್ರ ಬಿಡಿಸುವುದು ಡೈರೆಕ್ಟ್3ಡಿ ಮೂಲಕ. ವೈನ್ ಅದನ್ನು ಹಳೆಯ ಓಪನ್‌ಜಿಎಲ್‌ಗೆ ತಿರುಗಿಸುತ್ತಿತ್ತು. ಎರಡರ ರಚನೆಯೂ ಬೇರೆಯಾದ್ದರಿಂದ ಹೊಸ ಆಟಗಳು ತೆವಳುತ್ತಿದ್ದವು. 2016ರ ಫೆಬ್ರವರಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಜೊತೆ ಹೆಚ್ಚು ನೇರವಾಗಿ ಮಾತಾಡುವ ವಲ್ಕನ್ ಬಂತು. ‘ನಿಯರ್: ಆಟೋಮಾಟಾ’ ಎಂಬ ಜಪಾನಿ ಆಟವನ್ನು ಲಿನಕ್ಸ್‌ನಲ್ಲೇ ಆಡಬೇಕೆಂದು ಹೊರಟ ಫಿಲಿಪ್ ರೆಬೋಲೆ, ಡೈರೆಕ್ಟ್3ಡಿ 11ನ್ನು ವಲ್ಕನ್‌ಗೆ ತಿರುಗಿಸುವ ಡಿಎಕ್ಸ್‌ವಿಕೆ ಬರೆಯತೊಡಗಿದರು. 2018ರಲ್ಲಿ ವಾಲ್ವ್ ಅವರಿಗೆ ಸಂಬಳ ಕೊಟ್ಟು ಆ ಕೆಲಸಕ್ಕೇ ಇಟ್ಟುಕೊಂಡಿತು. ಅದೇ ವರ್ಷ ಆಗಸ್ಟ್‌ನಲ್ಲಿ, ಕೋಡ್‌ವೀವರ್ಸ್ ಕಂಪನಿಯ ನೆರವಿನಿಂದ, ವೈನ್ ಮತ್ತು ಡಿಎಕ್ಸ್‌ವಿಕೆಗಳನ್ನು ಒಟ್ಟುಗೂಡಿಸಿದ ಪ್ರೋಟಾನ್ ಸ್ಟೀಮ್‌ನೊಳಗೇ ಬಂತು. ಮೊದಲ ದಿನ ಅಧಿಕೃತ ಪಟ್ಟಿಯಲ್ಲಿದ್ದ ಆಟಗಳು 27. ಈಗ ಹೆಚ್ಚಿನ ಆಟಗಳನ್ನು ಲಿನಕ್ಸ್‌ನಲ್ಲಿ ಸ್ಥಾಪಿಸಿ ಆಡುವುದಕ್ಕೆ ಬಳಕೆದಾರರು ಬೇರೇನೂ ಮಾಡಬೇಕಿಲ್ಲ.

2022ರ ಫೆಬ್ರವರಿ 25ರಂದು ಸ್ಟೀಮ್ ಡೆಕ್ ಮತ್ತು ‘ಎಲ್ಡನ್ ರಿಂಗ್’ ಆಟ ಒಂದೇ ದಿನ ಬಿಡುಗಡೆಯಾದವು. ಆಟ ವಿಂಡೋಸ್‌ನಲ್ಲಿ ಅಲ್ಲಲ್ಲಿ ತಡವರಿಸುತ್ತಿತ್ತು. ವಾಲ್ವ್‌ನ ತಂಡ ಕೆಲವೇ ದಿನಗಳಲ್ಲಿ ತನ್ನ ಅನುವಾದ ಪದರದಲ್ಲೇ ಅದಕ್ಕೆ ಮದ್ದು ಮಾಡಿತು. ಆಟದ ಕಂಪನಿ ತನ್ನ ಕೋಡ್ ಮುಟ್ಟುವ ಮೊದಲೇ ಲಿನಕ್ಸ್‌ನಲ್ಲಿ ತಡವರಿಕೆ ತಗ್ಗಿತು. ಇನ್ನೂ ಆಳದಲ್ಲಿ, ಹಲವು ಘಟನೆಗಳಿಗಾಗಿ ಏಕಕಾಲಕ್ಕೆ ಕಾಯುವ ವಿಂಡೋಸ್ ಆಟಗಳ ರೂಢಿಗೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಸರಿಸಾಟಿ ಇರಲಿಲ್ಲ. 2022ರ ಜನವರಿಯ 5.16 ಕರ್ನಲ್‌ನಲ್ಲಿ ಅದಕ್ಕೆಂದೇ ಹೊಸ ಸೌಲಭ್ಯ ಸೇರಿತು; 2025ರ ಮಾರ್ಚ್‌ನ 6.14ರಲ್ಲಿ ಎನ್‌ಟಿಸಿಂಕ್ ಎಂಬ ಡ್ರೈವರ್ ಪೂರ್ಣಗೊಂಡಿತು. ಜಗತ್ತಿನ ಸರ್ವರ್‌ಗಳನ್ನೂ ಆಂಡ್ರಾಯ್ಡ್ ಫೋನ್‌ಗಳನ್ನೂ ನಡೆಸುವ ಕರ್ನಲ್ ಆಟಗಳಿಗಾಗಿ ಜಾಗ ಮಾಡಿಕೊಟ್ಟಿದೆ. ಒಂದು ಕಾಲದಲ್ಲಿ ಇದನ್ನು ಕೇಳಲೂ ಯಾರೂ ಧೈರ್ಯ ಮಾಡುತ್ತಿರಲಿಲ್ಲ.

ತಾಂತ್ರಿಕ ತೊಡಕುಗಳು ಪೂರ್ತಿ ಮುಗಿದಿವೆ ಎಂದಲ್ಲ. ಎನ್‌ವಿಡಿಯಾ 2022ರ ಮೇನಲ್ಲಿ ತನ್ನ ಕರ್ನಲ್ ಡ್ರೈವರಿನ ಕೋಡ್ ತೆರೆದಿಟ್ಟಿತಾದರೂ, ಅದರ ಕಾರ್ಡುಗಳಲ್ಲಿ ಡೈರೆಕ್ಟ್3ಡಿ 12 ಆಟಗಳು ವಿಂಡೋಸ್‌ಗಿಂತ ಕಣ್ಣಿಗೆ ಕಾಣುವಷ್ಟು ನಿಧಾನ. ಎಎಂಡಿ ಕಾರ್ಡುಗಳ ಸ್ಥಿತಿ ಬಹಳ ಮೇಲು; ಅವುಗಳಿಗೆ ಹೊರಗಿನ ಪ್ರೋಗ್ರಾಮರ್‌ಗಳು ಬರೆದ ಮುಕ್ತ ವಲ್ಕನ್ ಡ್ರೈವರನ್ನೇ ಕೊನೆಗೆ ಎಎಂಡಿಯೂ ಒಪ್ಪಿಕೊಂಡು ತನ್ನದನ್ನು ಕೈಬಿಟ್ಟಿತು. ಉಳಿದ ಕೆಲವು ತೊಡಕುಗಳನ್ನು ಕೆದಕಿದರೆ ಅಡಿಯಲ್ಲಿ ಸಿಗುವುದು ತಂತ್ರವಲ್ಲ. ಪ್ರೋಟಾನ್‌ನಲ್ಲಿ ಆಟದ ನಡುವಿನ ಕಥಾದೃಶ್ಯ ಬರಬೇಕಾದ ಕಡೆ ಬಣ್ಣದ ಪಟ್ಟೆಗಳು ಕಾಣಿಸಿಕೊಳ್ಳುತ್ತಿದ್ದವು. ವೀಡಿಯೊ ಬಿಚ್ಚುವ ಕೋಡ್ ಯಾರಿಗೂ ಗೊತ್ತಿಲ್ಲದ್ದಲ್ಲ; ಅದಕ್ಕೆ ಪೇಟೆಂಟ್ ಇದೆ, ಹಂಚುವಂತಿಲ್ಲ. ವಾಲ್ವ್ ಆ ವೀಡಿಯೊಗಳನ್ನು ತಾನೇ ಬೇರೆ ರೂಪಕ್ಕೆ ಬದಲಿಸಿ ಆಟಗಾರರಿಗೆ ಕಳಿಸುವ ಸುತ್ತು ದಾರಿ ಹಿಡಿಯಿತು. ಹಾಗೆಯೇ ಪರದೆಗೆ ಚಿತ್ರ ಸಾಗಿಸುವ ಎಚ್‌ಡಿಎಂಐ 2.1 ಮಾನದಂಡ. ಎಎಂಡಿಯ ಎಂಜಿನಿಯರ್‌ಗಳು ಮುಕ್ತ ಡ್ರೈವರಿಗೆ ಕೋಡ್ ಬರೆದು ಸಿದ್ಧವಾಗಿದ್ದರು. 2024ರ ಫೆಬ್ರವರಿಯಲ್ಲಿ ಎಚ್‌ಡಿಎಂಐ ಫೋರಂ ಅದನ್ನು ಪ್ರಕಟಿಸಲು ಬಿಡಲಿಲ್ಲ.

ಆದರೆ ಒಂದು ದೋಷ ಲಿನಕ್ಸ್ ಲೋಕದ್ದೇ, ಅದನ್ನು ಯಾರ ಮೇಲೂ ಹೊರಿಸುವಂತಿಲ್ಲ. ಕರ್ನಲ್ ಬದಲಾದರೂ ಅದರ ಮೇಲೆ ಓಡುವ ಹಳೆಯ ಪ್ರೋಗ್ರಾಮ್ ಮುರಿಯಬಾರದು ಎಂಬ ನಿಯಮವನ್ನು ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಕಟ್ಟುನಿಟ್ಟಾಗಿ ಕಾಯುತ್ತಾರೆ. ಕರ್ನಲ್‌ನ ಮೇಲಿರುವ ಲೈಬ್ರರಿಗಳಿಗೆ ಆ ಶಿಸ್ತು ಇಲ್ಲ. 2022ರ ಆಗಸ್ಟ್‌ನಲ್ಲಿ ಜಿಲಿಬ್‌ಸಿ ಎಂಬ ಮೂಲ ಲೈಬ್ರರಿಯ 2.36 ಆವೃತ್ತಿ ಬಂದಾಗ, ಯಾರಿಗೂ ಬೇಡವೆಂದುಕೊಂಡ ಒಂದು ಹಳೆಯ ಪಟ್ಟಿಯನ್ನು ಕೈಬಿಟ್ಟ ಮಾತ್ರಕ್ಕೆ, ಮೋಸ ತಡೆಯುವ ಈಸಿ ಆಂಟಿ-ಚೀಟ್ ತಂತ್ರಾಂಶ ಬಳಸುವ ಆಟಗಳು ನಿಂತುಹೋದವು. 2019ರ ಜೂನ್‌ನಲ್ಲಿ ಉಬುಂಟು ಎಂಬ ಲಿನಕ್ಸ್ ವಿತರಣೆ 32-ಬಿಟ್ ಲೈಬ್ರರಿಗಳನ್ನೇ ತೆಗೆದುಹಾಕುವುದಾಗಿ ಹೇಳಿ, ವಾಲ್ವ್ ತಿರುಗಿಬಿದ್ದ ಮೇಲೆ ಹಿಂದೆ ಸರಿಯಿತು. ಹತ್ತು ವರ್ಷದ ಹಿಂದೆ ಪ್ರೀತಿಯಿಂದ ಮಾಡಿದ ಲಿನಕ್ಸ್ ಪೋರ್ಟ್ ಇಂದು ತೆರೆಯದೆ, ಅದೇ ಆಟದ ವಿಂಡೋಸ್ ಪ್ರತಿ ಪ್ರೋಟಾನ್ ಮೂಲಕ ನಿರಾತಂಕವಾಗಿ ಓಡುವುದನ್ನು ನಾವು ನೋಡುತ್ತಿದ್ದೇವೆ. ಸ್ಟೀಮ್ ಈಗ ಆಟಗಳನ್ನು ಹಳೆಯ ಲೈಬ್ರರಿಗಳ ಸಮೇತ ಒಂದು ಕಂಟೇನರ್‌ನಲ್ಲಿಟ್ಟು ಓಡಿಸುತ್ತದೆ. ಉಪಯುಕ್ತ ಉಪಾಯವೇ, ಆದರೆ ಈ ಸ್ಥಿರತೆಯನ್ನು ಒಂದು ಅಂಗಡಿ ಕೊಡಬೇಕಾಗಿ ಬಂದದ್ದು ನನಗೆ ನೋವಿನ ಸಂಗತಿ.

ಪ್ರೋಟಾನ್ ಬಗ್ಗೆಯೇ ಮುಕ್ತ ತಂತ್ರಾಂಶದ ಹಳಬರಲ್ಲಿ ಒಂದು ಆಕ್ಷೇಪವಿದೆ. ಇದು ಮೈಕ್ರೋಸಾಫ್ಟ್‌ನ ನೆರಳಲ್ಲಿ ಬದುಕುವುದಲ್ಲವೇ? ವಿಂಡೋಸ್ ಆಟವೇ ಓಡುವುದಾದರೆ ಲಿನಕ್ಸ್‌ಗೆ ಯಾರು ಬರೆಯುತ್ತಾರೆ? ಇದು ಗಂಭೀರ ಆಕ್ಷೇಪ, ಆದರೂ ನನಗೆ ಒಪ್ಪಿಗೆಯಿಲ್ಲ. ಒಂದು ಕೋರಿಕೆಗೆ ಏನು ಉತ್ತರ ಬರಬೇಕೆಂಬ ನಿಯಮವನ್ನು ಯಾರು ಬೇಕಾದರೂ ಹೊಸದಾಗಿ ಬರೆದು ಪಾಲಿಸಬಹುದು ಎಂದಾದ ಮೇಲೆ ಆ ನಿಯಮ ಒಂದು ಕಂಪನಿಯ ಆಸ್ತಿಯಾಗಿ ಉಳಿಯುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಗೂಗಲ್ ಮತ್ತು ಒರಾಕಲ್ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಜಾವಾದ ಇಂಥ ಘೋಷಣೆಗಳ ಸುಮಾರು 11,500 ಸಾಲುಗಳನ್ನು ಗೂಗಲ್ ಬಳಸಿದ್ದು ನ್ಯಾಯಯುತ ಬಳಕೆ ಎಂದು 6-2ರ ಬಹುಮತದಿಂದ ತೀರ್ಪಿತ್ತಿತು. ವೈನ್ ಬಗ್ಗೆ ಕೊಟ್ಟ ತೀರ್ಪಲ್ಲ ಅದು. ಆದರೂ ವೈನ್‌ನಂಥ ಕೆಲಸಕ್ಕೆ ಅದರಿಂದ ಬಲ ಬಂದಿದೆ.

ಕನ್ನಡದಲ್ಲಿ ಬರೆಯುವವರಿಗೆ ಇದು ಸ್ವಂತ ಅನುಭವ. ಯೂನಿಕೋಡ್ ನೆಲೆಗೊಳ್ಳುವ ಮೊದಲು ನುಡಿ, ಬರಹ, ಶ್ರೀಲಿಪಿಗಳು ಫಾಂಟ್‌ಗೆ ಕಟ್ಟಿಬಿದ್ದ ಸಂಕೇತಗಳಲ್ಲಿ ಅಕ್ಷರ ಉಳಿಸುತ್ತಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕಾಣುತ್ತಿದ್ದದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಯಾವ ಸಂಖ್ಯೆಗೆ ಯಾವ ಅಕ್ಷರವೆಂದು ಹೊರಗಿನವರು ಕಂಡುಕೊಂಡು ಪರಿವರ್ತಕಗಳನ್ನು ಬರೆಯಲು ಸಾಧ್ಯವಾದದ್ದರಿಂದಲೇ ಎಷ್ಟೋ ಪುಸ್ತಕ, ಪತ್ರಿಕೆ, ಕಚೇರಿ ಕಡತಗಳು ಇಂದಿಗೂ ಓದಲು ಸಿಗುತ್ತಿವೆ. ವೈನ್ ವಿಂಡೋಸ್ ಆಟಗಳಿಗೆ ಮಾಡುತ್ತಿರುವುದೂ ಇದನ್ನೇ. 64-ಬಿಟ್ ವಿಂಡೋಸ್ ಓಡಿಸಲಾರದ 16-ಬಿಟ್ ಕಾಲದ ಪ್ರೋಗ್ರಾಮ್‌ಗಳನ್ನು ಲಿನಕ್ಸ್ ಮೇಲಿನ ವೈನ್ ಓಡಿಸಬಲ್ಲದು. ನನಗಿರುವ ಆತಂಕ ಬೇರೆ: ಈ ಕೆಲಸದ ಬಹುಪಾಲು ಸಂಬಳ ಬರುತ್ತಿರುವುದು ಒಂದೇ ಕಂಪನಿಯ ಜೇಬಿನಿಂದ. ಕೋಡ್ ಮುಕ್ತವಾಗಿದೆ, ವಾಲ್ವ್ ಮನಸ್ಸು ಬದಲಿಸಿದರೂ ಅದು ಮಾಯವಾಗದು. ಆದರೆ ಅಷ್ಟು ಜನ ಪೂರ್ಣಾವಧಿ ಕೂತು ದುಡಿಯುವುದು ನಿಲ್ಲಬಹುದು.

ಇನ್ನು ಅನುಮತಿಯ ವಿಚಾರ. 2021ರ ಸೆಪ್ಟೆಂಬರ್‌ನಲ್ಲಿ ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎಂಬ ಎರಡೂ ಮೋಸ-ತಡೆ ತಂತ್ರಾಂಶಗಳು ಪ್ರೋಟಾನ್‌ಗೆ ದಾರಿ ತೆರೆದವು. ಆದರೆ ಆಟದ ಕಂಪನಿ ತಾನಾಗಿ ಒಪ್ಪಬೇಕು. ಈಸಿ ಆಂಟಿ-ಚೀಟ್‌ನ ಒಡೆತನ ಎಪಿಕ್ ಕಂಪನಿಯದು. ಎಪಿಕ್‌ನದೇ ‘ಫೋರ್ಟ್‌ನೈಟ್’ ಒಪ್ಪಲಿಲ್ಲ. ವರ್ಷಗಟ್ಟಲೆ ವೈನ್‌ನಲ್ಲಿ ಓಡುತ್ತಿದ್ದ ‘ಲೀಗ್ ಆಫ್ ಲೆಜೆಂಡ್ಸ್’ 2024ರ ಮೇನಲ್ಲಿ ರಯಟ್ ಕಂಪನಿಯ ವ್ಯಾನ್‌ಗಾರ್ಡ್ ಎಂಬ ಆಂಟಿ-ಚೀಟ್ ಬಂದ ಮೇಲೆ ಹೋಯಿತು. ಸೆಪ್ಟೆಂಬರ್‌ನಲ್ಲಿ ‘ಜಿಟಿಎ ಆನ್‌ಲೈನ್’, ಅಕ್ಟೋಬರ್‌ನಲ್ಲಿ ಅಪೆಕ್ಸ್. 2025ರ ಅಕ್ಟೋಬರ್‌ನಲ್ಲಿ ಬಂದ ‘ಬ್ಯಾಟಲ್‌ಫೀಲ್ಡ್ 6’ ವಿಂಡೋಸ್ ಬಳಕೆದಾರರಿಗೂ ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆ ಇರಲೇಬೇಕೆಂದಿತು; ಲಿನಕ್ಸ್‌ಗೆ ಅಲ್ಲಿ ಜಾಗವೇ ಇಲ್ಲ.

ಮೋಸ ನಿಜವಾದ ಪಿಡುಗು, ಅದನ್ನು ಹಗುರಾಗಿ ಕಾಣುವವರು ಆನ್‌ಲೈನ್ ಆಟವನ್ನು ಶ್ರದ್ಧೆಯಿಂದ ಆಡಿದವರಲ್ಲ. ಗೋಡೆಯಾಚೆ ನಿಂತ ಎದುರಾಳಿಯನ್ನು ಕಾಣುವವನ, ತಪ್ಪದೆ ತಲೆಗೇ ಗುರಿ ಇಡುವ ಪ್ರೋಗ್ರಾಮ್ ಹಿಡಿದವನ ಮುಂದೆ ವರ್ಷಗಳ ಅಭ್ಯಾಸ ವ್ಯರ್ಥ. ಮಾಲೀಕನೇ ಕರ್ನಲ್ ಬದಲಿಸಿಕೊಳ್ಳಬಹುದಾದ ಲಿನಕ್ಸ್‌ನಲ್ಲಿ, ಕಂಪ್ಯೂಟರ್ ಕೊಡುವ ಸಾಕ್ಷ್ಯವನ್ನು ಆಟದ ಕಂಪನಿ ನಂಬುವುದು ಕಷ್ಟ ಎಂಬುದೂ ಸತ್ಯ. ಅವರ ವಾದದಲ್ಲಿ ಹುರುಳಿದೆ.

ಹುರುಳಿರುವುದು ರೋಗದ ವಿವರಣೆಯಲ್ಲಿ ಮಾತ್ರ. ಅವರು ಕೊಡುತ್ತಿರುವ ಮದ್ದು ಕರ್ನಲ್ ಮಟ್ಟದ ಆಂಟಿ-ಚೀಟ್. ವ್ಯಾನ್‌ಗಾರ್ಡ್ ಆಟ ತೆರೆದಾಗಲ್ಲ, ಕಂಪ್ಯೂಟರ್ ಹೊತ್ತಿಸಿದಾಗಲೇ ಎದ್ದು ಕೂರುತ್ತದೆ, ಆಪರೇಟಿಂಗ್ ಸಿಸ್ಟಂನಷ್ಟೇ ಅಧಿಕಾರ ಪಡೆದು. ಚದುರಂಗ ಆಡಲು ಬಂದ ನೆಂಟ, ಆಟ ಶುರುವಾಗುವ ಮೊದಲು ಮನೆಯ ಎಲ್ಲ ಬೀರುಗಳ ಬೀಗದ ಕೈ ಕೇಳಿದರೆ ನಾವು ಕೊಡುವುದಿಲ್ಲ. ಅವನು ಸಜ್ಜನನೇ ಇರಬಹುದು. ಆದರೆ ಕೀಲಿಕೈ ಕಳೆದುಹೋದರೆ? 2022ರಲ್ಲಿ ಆದದ್ದು ಅದೇ. ‘ಗೆನ್ಶಿನ್ ಇಂಪ್ಯಾಕ್ಟ್’ ಆಟದ ಆಂಟಿ-ಚೀಟ್ ಡ್ರೈವರನ್ನು, ಆ ಆಟವೇ ಇಲ್ಲದ ಯಂತ್ರಗಳಿಗೂ ಹಾಕಿ, ಆಂಟಿವೈರಸ್ಸನ್ನು ಕೊಲ್ಲಲು ಒತ್ತೆಹಣದ ಖದೀಮರು ಬಳಸಿದರು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ಒಂದು ಕೆಟ್ಟ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು; ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಕೆಲಸವನ್ನು ಕೈಯಲ್ಲೇ ಮಾಡಬೇಕಾಯಿತು. ಅದು ಆಂಟಿ-ಚೀಟ್ ಅಲ್ಲ, ಆದರೆ ಕೂತಿದ್ದ ಜಾಗ ಅದೇ, ಕರ್ನಲ್. ಅದಾದ ಮೇಲೆ ಭದ್ರತಾ ತಂತ್ರಾಂಶಗಳನ್ನೇ ಕರ್ನಲ್‌ನಿಂದ ಹೊರಗೆ ತರಲು ಮೈಕ್ರೋಸಾಫ್ಟ್ ಹೊರಟಿದೆ.

ಕರ್ನಲ್‌ಗೆ ಕಟ್ಟಿದ ಆಟ ಕರ್ನಲ್ ಬದಲಾದಾಗ ಸಾಯುತ್ತದೆ ಎಂಬುದನ್ನೂ ಒಮ್ಮೆ ನೋಡಿದ್ದೇವೆ. 2000ದ ಆಸುಪಾಸಿನ ಸಿ.ಡಿ. ಆಟಗಳಲ್ಲಿ ನಕಲು ತಡೆಯಲು ಸೇಫ್‌ಡಿಸ್ಕ್ ಎಂಬ ವ್ಯವಸ್ಥೆಯಿತ್ತು, ಅದಕ್ಕೆ ವಿಂಡೋಸ್‌ನಲ್ಲೊಂದು ಡ್ರೈವರ್ ಇತ್ತು. 2015ರಲ್ಲಿ ವಿಂಡೋಸ್ 10 ಬಂದಾಗ, ಭದ್ರತೆಗೆ ಅಪಾಯವೆಂದು ಮೈಕ್ರೋಸಾಫ್ಟ್ ಆ ಡ್ರೈವರನ್ನು ಕೈಬಿಟ್ಟಿತು. ದುಡ್ಡು ಕೊಟ್ಟು ಕೊಂಡ ಡಿಸ್ಕ್‌ಗಳು ಒಂದೇ ಏಟಿಗೆ ನಿಷ್ಪ್ರಯೋಜಕವಾದವು. ನಕಲುಗಾರರನ್ನು ಹಿಡಿಯಲು ಕಟ್ಟಿದ ಬಲೆಗೆ ಕೊನೆಗೆ ಸಿಕ್ಕಿಬಿದ್ದವರು ಪ್ರಾಮಾಣಿಕ ಗಿರಾಕಿಗಳು.

ಇಷ್ಟೆಲ್ಲ ತೆತ್ತ ಮೇಲೂ ಮೋಸ ನಿಂತಿಲ್ಲ. ಮದರ್‌ಬೋರ್ಡಿಗೆ ಒಂದು ಕಾರ್ಡ್ ಸಿಕ್ಕಿಸಿ, ಎರಡನೆಯ ಕಂಪ್ಯೂಟರಿನಿಂದ ಆಟದ ಮೆಮೊರಿ ಓದುವವರು ಈಗ ಇದ್ದಾರೆ. ಹಾಗಾದರೆ ದಾರಿ ಏನು? ಅದನ್ನು ತೋರಿಸಿಕೊಟ್ಟವರಲ್ಲಿ ರಯಟ್ ಕಂಪನಿಯೇ ಇದೆ. ಅದರ ‘ವ್ಯಾಲರಂಟ್’ ಆಟದಲ್ಲಿ, ಕಣ್ಣಿಗೆ ಬೀಳಲಾರದ ಎದುರಾಳಿ ಎಲ್ಲಿದ್ದಾನೆಂಬ ಮಾಹಿತಿಯನ್ನು ಸರ್ವರ್ ಆಟಗಾರನ ಕಂಪ್ಯೂಟರಿಗೆ ಕಳಿಸುವುದೇ ಇಲ್ಲ. ಇಲ್ಲದ ಮಾಹಿತಿಯನ್ನು ಯಾವ ಕಳ್ಳ ಪ್ರೋಗ್ರಾಮ್ ಕದ್ದೀತು? ಗುರಿ ಇಡುವ ಮೋಸಕ್ಕೆ ಈ ಉಪಾಯ ಸಾಲದು. ಅಲ್ಲಿ ಆಟದ ನಡೆಯನ್ನೇ ಸರ್ವರ್‌ನಲ್ಲಿ ಅಳೆದು ನೋಡಬೇಕು, ಅದಕ್ಕೆ ಹಣ ಬೇಕು, ತಾಳ್ಮೆ ಬೇಕು. ಆ ಖರ್ಚನ್ನು ಉಳಿಸಿಕೊಳ್ಳಲು ಕಂಪನಿಗಳು ಹೊರೆಯನ್ನು ಆಟಗಾರನ ಕರ್ನಲ್ ಮೇಲೆ ಇಳಿಸುತ್ತಿವೆ ಎಂಬುದು ನನ್ನ ದೂರು.

‘ಕೌಂಟರ್-ಸ್ಟ್ರೈಕ್ 2’ ಲಿನಕ್ಸ್‌ನಲ್ಲಿ ಓಡುತ್ತದೆ, ಅದರ ಆಂಟಿ-ಚೀಟ್ ಕರ್ನಲ್‌ಗೆ ಕೈಹಾಕುವುದಿಲ್ಲ. ಅಲ್ಲಿ ಮೋಸಗಾರರ ಬಗ್ಗೆ ದೂರುಗಳು ಬೇಕಾದಷ್ಟಿವೆ, ಅವನ್ನು ಮುಚ್ಚಿಡುವುದಿಲ್ಲ. ಬಿಗಿ ಕಾವಲು ಬೇಕೆನ್ನುವವರು ಫೇಸ್‌ಇಟ್ ಎಂಬ ಪ್ರತ್ಯೇಕ ವೇದಿಕೆಗೆ ಹೋಗಿ, ಕರ್ನಲ್ ಮಟ್ಟದ ತಪಾಸಣೆಗೆ ಒಪ್ಪಿ ಆಡುತ್ತಾರೆ. ನನಗೆ ಈ ಏರ್ಪಾಡು ಸರಿಯೆನಿಸುತ್ತದೆ. ಬಹುಮಾನಕ್ಕಾಗಿ, ಶ್ರೇಯಾಂಕಕ್ಕಾಗಿ ಸ್ಪರ್ಧಿಸುವವನು ತಿಳಿದು ಕೊಡುವ ಒಪ್ಪಿಗೆ ಒಂದು. ಸಂಜೆ ಗೆಳೆಯರ ಜೊತೆ ಅರ್ಧ ತಾಸು ಆಡುವವನಿಂದ ಕಿತ್ತುಕೊಳ್ಳುವ ಒಪ್ಪಿಗೆ ಇನ್ನೊಂದು.

ಭಾರತದಲ್ಲಿ ಇದು ದೂರದ ಚರ್ಚೆಯಲ್ಲ. ವಾಲ್ವ್ ಇಲ್ಲಿ ಸ್ಟೀಮ್ ಡೆಕ್ಕನ್ನು ಅಧಿಕೃತವಾಗಿ ಮಾರಿಲ್ಲ. ಲಿನಕ್ಸ್‌ನಲ್ಲಿ ಆಡುವವರು ಹೆಚ್ಚಾಗಿ ಇದ್ದ ಪಿಸಿಗೇ ಮಿಂಟ್, ಫೆಡೋರಾ, ಬಜೈಟ್‌ನಂಥ ಲಿನಕ್ಸ್ ವಿತರಣೆ ಹಾಕಿಕೊಂಡವರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಾಗ, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲದ ಎಷ್ಟೋ ಒಳ್ಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಅನರ್ಹವಾದವು. ಅಂಥ ಯಂತ್ರಕ್ಕೆ ಲಿನಕ್ಸ್ ಇನ್ನೈದು ವರ್ಷದ ಆಯಸ್ಸು ಕೊಡಬಲ್ಲದು. ಸ್ಟೀಮ್‌ನ ಮಾಸಿಕ ಸಮೀಕ್ಷೆಯಲ್ಲಿ ಲಿನಕ್ಸ್‌ನ ಪಾಲು 2025ರ ಕೊನೆಯಲ್ಲಿ 3% ದಾಟಿತು. ಸಣ್ಣ ಸಂಖ್ಯೆಯೇ, ಆದರೆ ಲೋಕಿ ಕಂಪನಿ ಮುಚ್ಚಿದ ಕಾಲಕ್ಕೆ ಹೋಲಿಸಿದರೆ ಅದು ಬೇರೆಯೇ ಲೋಕ.

ಆ ಶೇಕಡಾ ಮೂರರ ಪರವಾಗಿ ಕೇಳಬೇಕಾದದ್ದು ದೊಡ್ಡದೇನಲ್ಲ. 2024ರ ಅಕ್ಟೋಬರ್ ಕೊನೆಯಿಂದ, ಆಟದಲ್ಲಿ ಕರ್ನಲ್ ಮಟ್ಟದ ಆಂಟಿ-ಚೀಟ್ ಇದ್ದರೆ ಅದನ್ನು ಅಂಗಡಿಯ ಪುಟದಲ್ಲೇ ತಿಳಿಸಬೇಕೆಂದು ಸ್ಟೀಮ್ ಕಡ್ಡಾಯ ಮಾಡಿದೆ. ಹೊಸದಾಗಿ ಕೊಳ್ಳುವವರಿಗೆ ಇದು ಸಾಕು. ಹಳಬರಿಗೆ ಸಾಲದು. ಜಿಟಿಎ 5 ಪಿಸಿಗೆ ಬಂದದ್ದು 2015ರಲ್ಲಿ. ಬ್ಯಾಟಲ್‌ಐ ಸೇರಿಸಿದ್ದು ಒಂಬತ್ತು ವರ್ಷದ ನಂತರ. ಕಥಾಭಾಗ ಲಿನಕ್ಸ್‌ನಲ್ಲಿ ಈಗಲೂ ಓಡುತ್ತದೆ, ಆನ್‌ಲೈನ್ ಭಾಗ ಹೋಯಿತು. ಸ್ಟೀಮ್ ಪ್ರಶ್ನೆ ಕೇಳದೆ ಹಣ ಹಿಂದಿರುಗಿಸುವುದು ಕೊಂಡ 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ. ಮಾರಿದ ಮೇಲೆ ಆಟದ ಷರತ್ತನ್ನು ಕಂಪನಿ ಬದಲಿಸಿದಾಗ ಆ 14 ದಿನಗಳ ಲೆಕ್ಕ ಹೊಸದಾಗಿ ಶುರುವಾಗಬೇಕು, ಆಡಿದ ಗಂಟೆಗಳು ಲೆಕ್ಕಕ್ಕೆ ಬರಬಾರದು. ಈ ನಿಯಮ ತರಲು ಕರ್ನಲ್ ಬದಲಿಸಬೇಕಿಲ್ಲ, ಹೊಸ ಡ್ರೈವರ್ ಬೇಕಿಲ್ಲ. ಅಂಗಡಿಯ ಒಡೆಯ ಸಹಿ ಹಾಕಿದರೆ ಆಯಿತು. ಆ ಒಡೆಯ ವಾಲ್ವ್‌ ಕಂಪನಿಯೇ ಆಗಿರುವುದರಿಂದ, ಲಿನಕ್ಸ್ ಆಟಗಾರರು ತಮ್ಮ ಮುಂದಿನ ಅಹವಾಲನ್ನು ಮೊದಲು ಒಯ್ಯಬೇಕಾದದ್ದು ಅಲ್ಲಿಗೇ.